ಳಕಾರದ ಬೆಳಕು

ಚಲಪತಿ ತಂದುಕೊಟ್ಟ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಮೊದಲನೆಯ ಶಾಟು ತೆರೆದಾಗ ಮಾಲಿನಿಯ ಕಣ್ಣಿಗೆ ಬಿದ್ದದ್ದು ಬರೀ ಮಸಿ. ಸೌದೆ ಒಲೆಯ ಮೇಲೆ ವರ್ಷಗಟ್ಟಲೆ ಕೂತ ಪಾತ್ರೆಯ ತಳದಂಥ ಮಸಿ. ಅದರೊಳಗೆ ಒಬ್ಬ ಮುದುಕಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಾಳೆ ಎನ್ನುವುದು ತಟ್ಟೆಗೆ ಬೀಜ ಬೀಳುವ ಸದ್ದಿನಿಂದ ಗೊತ್ತಾಗಬೇಕಿತ್ತು. ಆ ಸದ್ದಿಗೂ ಪಕ್ಕದ ಕೋಳಿ ಫಾರಮ್ಮಿನ ಮೋಟರು ಗುಂಯ್ ಎಂದು ಅಡ್ಡ ಬರುತ್ತಿತ್ತು.

“ಚಲಪತಣ್ಣ, ಇದೇನು, ಏನೂ ಕಾಣ್ಸಲ್ಲ?”

“ಕಾಣ್ಸಲ್ವಾ? ನಾನ್ ತೆಗ್ದಾಗ ಪಳಪಳ ಅಂತಿತ್ತಲ್ಲಮ್ಮ,” ಎಂದ ಚಲಪತಿ. “ನಿನ್ ಮಾನಿಟರ್ ಹಳೇದು. ಒಂದ್ಸಲ ಒರ್ಸು.”

ಒರೆಸಿದಳು. ಧೂಳು ಹೋಯಿತು, ಮಸಿ ಹೋಗಲಿಲ್ಲ.

ಚಲಪತಿ ಹನ್ನೆರಡು ವರ್ಷದಿಂದ ಮದುವೆ ವಿಡಿಯೋ ತೆಗೆಯುತ್ತಿದ್ದವನು. ಛತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ದೊಡ್ಡ ಲೈಟು ನಿಲ್ಲಿಸಿದರೆ ಮುಗಿಯಿತು. ಬೆಳಕನ್ನು ಅಳೆದು ನೋಡುವ ಪ್ರಮೇಯವೇ ಅವನಿಗೆ ಬಂದಿರಲಿಲ್ಲ. ಈ ಸಲ ಬಿಸಿಲಿನಲ್ಲಿ ಕಾಣಲೆಂದು ಕ್ಯಾಮೆರಾದ ಹಿಂದಿರುವ ಪುಟ್ಟ ಪರದೆಯ ಹೊಳಪನ್ನು ಕೊನೆಯವರೆಗೂ ಏರಿಸಿದ್ದ. ಮನೆಯೊಳಗೆ ಹೋದ ಮೇಲೆ ಇಳಿಸುವುದನ್ನು ಮರೆತ. ಹೊಳೆಯುತ್ತಿದ್ದದ್ದು ಪರದೆ, ಮುಳುಗುತ್ತಿದ್ದದ್ದು ಚಿತ್ರ. ಇದನ್ನು ಮಾಲಿನಿ ಐದೇ ನಿಮಿಷದಲ್ಲಿ ಕಂಡುಹಿಡಿದಳು. ಆದರೆ ಕಂಡದ್ದನ್ನು ಕಂಡಂತೆ ಆಡುವ ಜಾಯಮಾನ ಅವಳದಲ್ಲ. “ನೋಡ್ತೀನಿ ಅಣ್ಣ,” ಎಂದಳು, ಅಷ್ಟೆ.

ಹೊಸೂರು ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಬ್ಬರೂ ಕೆಲಸ ಮಾಡುತ್ತಿದ್ದ ಸ್ಟುಡಿಯೋದ ಮಹಡಿಯಲ್ಲಿ ಅವಳು ಕೂರಲು ಶುರುಮಾಡಿ ಮೂರು ವರ್ಷವಾಗಿತ್ತು. ಹುಟ್ಟಿದ್ದು ಗುಮ್ಮಳಾಪುರ, ಮನೆ ಈಗ ಅವಲಪಲ್ಲಿ. ಬಿ.ಎಸ್ಸಿ. ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಬಂದವಳು ಆಲ್ಬಮ್ಮು ಜೋಡಿಸುತ್ತಾ, ವಿಡಿಯೋ ತಿದ್ದುತ್ತಾ ಅಲ್ಲೇ ಉಳಿದಿದ್ದಳು. ಆ ಸ್ಟುಡಿಯೋದಲ್ಲಿ ಬೆಳಕು ಎಂದರೆ ಒಂದೇ ಮಾತು: ಏರಿಸು. “ಹುಡ್ಗೀನ ಸ್ವಲ್ಪ ಏರ್ಸಮ್ಮ” ಎಂದರೆ ಮದುಮಗಳ ಮುಖವನ್ನು ಬೆಳ್ಳಗೆ ಮಾಡು ಎಂದು. ಇನ್ನೂರು ಮುನ್ನೂರು ಮದುಮಕ್ಕಳನ್ನು ಹಾಗೆ ಸುಣ್ಣ ಬಳಿದು ಕಳಿಸಿದ್ದಳು. ಇದನ್ನು ಮಾಡಿದವರು ಯಾರು ಎಂದು ಒಬ್ಬರೂ ಕೇಳಿರಲಿಲ್ಲ.

ಈ ಕಿರುಚಿತ್ರ ಅನಿರುದ್ಧನದು. ಕಾಲೇಜಿನಲ್ಲಿ ಅವಳ ಜೊತೆಗೆ ಓದಿದವನು. ಅಪ್ಪನ ಕಾಲಕ್ಕೆ ಮಂಡ್ಯದ ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಬಂದ ಮನೆ. ತಾನೂ ಒಂದು ಕಾರ್ಖಾನೆಯಲ್ಲಿದ್ದುಕೊಂಡು ರಜೆಯ ದಿನಗಳಲ್ಲಿ ಸಿನಿಮಾ ಅನ್ನುತ್ತಿದ್ದ. ಕಥೆ ಚಿಕ್ಕದು. ಹುಣಸೆಹಣ್ಣು ಬಿಡಿಸಿ ಬಿಡಿಸಿ ಬೆರಳಿನ ಗೆರೆಯೆಲ್ಲ ಸವೆದುಹೋದ ಮುದುಕಿ. ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಆ ಮುದುಕಿಯಾಗಿ ಕೂತವಳು ಸೂಳಗಿರಿ ಹತ್ತಿರದ ನರಸಮ್ಮ. ನಿಜವಾಗಿ ಹುಣಸೆ ಬಿಡಿಸುವವಳೇ, ನಿಜವಾಗಿ ಗೆರೆ ಸವೆದವಳೇ. ಕನ್ನಡದಲ್ಲಿ ‘ಬೆರಳು’ ಎಂದಿದ್ದ ಹೆಸರನ್ನು ಕೃಷ್ಣಗಿರಿಯ ಸ್ಪರ್ಧೆಗೆಂದು ತಮಿಳಿಗೆ ತಿರುಗಿಸಿ ‘ವಿರಲ್’ ಎಂದು ಇಟ್ಟಿದ್ದರು.

“ಹೆಸ್ರಲ್ಲೇ ವೈರಲ್ ಆಗ್ಬುಟ್ತು, ಇನ್ನೇನ್ ಬೇಕ್ಲಾ ನಿಂಗೆ,” ಎಂದು ಚಲಪತಿ ಅವನನ್ನು ಆಡಿಕೊಳ್ಳುತ್ತಿದ್ದ.

ಮಾಲಿನಿ ಈ ಚಿತ್ರಕ್ಕೆ ಕೈ ಹಾಕಿದ್ದಕ್ಕೆ ಬೇರೆಯೇ ಕಾರಣವಿತ್ತು. ಬೆಂಗಳೂರಿನಲ್ಲಿ ಸಿನಿಮಾ, ಜಾಹೀರಾತುಗಳಿಗೆ ಬಣ್ಣ-ಬೆಳಕು ತಿದ್ದುವ ಒಂದು ಕಂಪನಿಗೆ ಅವಳು ಧೈರ್ಯ ಮಾಡಿ ಮೂರು ಸಲ ಮೇಲ್ ಬರೆದಿದ್ದಳು. ಮೂರನೆಯದಕ್ಕೆ ಅಲ್ಲಿನ ಅರುಣ್‌ಕುಮಾರ್ ಎಂಬವರಿಂದ ಉತ್ತರ ಬಂತು: ಕಲಿಯುವವರಿಗೆ ಒಂದೇ ಸೀಟಿದೆ, ಮದುವೆ ಕೆಲಸ ನಾವು ನೋಡುವುದಿಲ್ಲ, ಬೆಳಕಿನ ಕೆಲಸ ನಿಮ್ಮದು ಎಂದು ಟೈಟಲ್ ಕಾರ್ಡಿನಲ್ಲಿ ನಿಮ್ಮ ಹೆಸರಿರುವ ಒಂದು ಚಿತ್ರ ಕಳಿಸಿ. ಅಪ್ಪ ಗೋಪಾಲಪ್ಪ ಮೊಬೈಲನ್ನು ದೂರ ಹಿಡಿದು ಅದನ್ನು ಎರಡು ಸಲ ಓದಿಸಿಕೊಂಡು, “ಸೀಟು ಕೊಟ್ರೆ ದಿನಾ ಬೆಳಗ್ಗೆ ರೈಲು ಹತ್ಸಿ ನಾನು ಡ್ಯೂಟಿಗೆ ಹೋಯ್ತೀನಿ. ಹೆಸ್ರು ಬರಂಗ್ ಮಾಡ್ಕೊ,” ಎಂದಿದ್ದ. ಹಾಗಾಗಿ ಅವಳಿಗೆ ಬೇಕಿದ್ದದ್ದು ಒಂದು ಕಾರ್ಡಿನಲ್ಲಿ ಒಂದು ಸಾಲು. ಶಾಟು ಕತ್ತರಿಸಿ ಜೋಡಿಸುವುದು ಅನಿರುದ್ಧನದು, ಬೆಳಕು ಅವಳದು ಎಂದು ಮಾತಾಯಿತು.

ಸ್ಟುಡಿಯೋ ಬಾಗಿಲು ತೆಗೆಯುವುದು ಹತ್ತಕ್ಕೆ. ಮಾಲಿನಿ ಏಳಕ್ಕೇ ಬಂದು ಕೀಲಿ ತೆಗೆಯುತ್ತಿದ್ದಳು. ಬೀದಿಯ ಬಿಸಿಲು ಪರದೆಗೆ ಬೀಳದಂತೆ ಕಿಟಕಿಗೆ ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸನ್ನು ಬೆನ್ನು ಮುಂದಾಗಿ ಕಟ್ಟಿದಳು. ಹಾಕಿಕೊಂಡ ಬಟ್ಟೆಯ ಬಣ್ಣ ಕೂಡ ಪರದೆಯಲ್ಲಿ ಹೊಳೆದು ಕಣ್ಣಿಗೆ ಮೋಸ ಮಾಡುತ್ತದೆ ಎಂದು ಎಲ್ಲೋ ಓದಿ, ಬೂದು ಬಣ್ಣದ ಎರಡು ಚೂಡಿದಾರ ಹೊಲಿಸಿಕೊಂಡು ಅವನ್ನೇ ಒಗೆದೊಗೆದು ಹಾಕತೊಡಗಿದಳು.

“ಎಳೇ ಹೆಣ್ಣು ಬೆಳಬೆಳಗ್ಗೆ ಬೂದಿ ಬಳ್ಕಂಡಂಗೆ ಹೊಂಟ್ರೆ ನೋಡ್ದೋರು ಯಾರ್ ಸತ್ರು ಅಂತ ಕೇಳಲ್ವಾ?” ಎಂದು ಅಮ್ಮ ತಿಂಡಿ ಡಬ್ಬಿ ಕೊಡುವಾಗೆಲ್ಲ ಗೊಣಗುತ್ತಿದ್ದಳು.

“ಕಣ್ಣಿಗೆ ಒಳ್ಳೇದಮ್ಮ.”

“ಯಾರ್ ಕಣ್ಣಿಗೆ?”

ಪರದೆಯ ಕೆಳಗಡೆ ಬೆಳಕಿನ ಗ್ರಾಫು ಇರುತ್ತದೆ. ಚಿತ್ರದಲ್ಲಿ ಕತ್ತಲು ಎಷ್ಟು, ಬೆಳಕು ಎಷ್ಟು ಎಂದು ಬೆಟ್ಟದ ಹಾಗೆ ಏರಿಳಿದು ತೋರಿಸುತ್ತದೆ. ನರಸಮ್ಮನ ಮನೆಯ ಶಾಟುಗಳಲ್ಲಿ ಆ ಬೆಟ್ಟವೆಲ್ಲ ಎಡಗಡೆಯ ಗೋಡೆಗೆ ಒರಗಿ ಮುದುಡಿ ಕೂತಿತ್ತು. ಒಟ್ಟಿಗೇ ಎತ್ತಿದರೆ ರಾಗಿ ಹಿಟ್ಟು ಚೆಲ್ಲಿದಂತೆ ಕಾಳುಕಾಳು; ಮುಖ, ಗೋಡೆ, ಒಲೆ ಎಲ್ಲ ಒಂದೇ ಬೂಷ್ಟು. ಎತ್ತದಿದ್ದರೆ ಏನೂ ಇಲ್ಲ. ಮಾಲಿನಿ ಎಲ್ಲವನ್ನೂ ಎತ್ತಲಿಲ್ಲ. ಮುಖದ ಸುತ್ತ ಒಂದು ಗೆರೆ ಎಳೆದು ಅಲ್ಲಿ ಮಾತ್ರ ಒಂದಿಷ್ಟು ಏರಿಸಿದಳು. ಮುದುಕಿ ತಲೆ ಆಡಿಸಿದರೆ ಗೆರೆಯೂ ಆಡಬೇಕು. ಚೌಕಟ್ಟು ಚೌಕಟ್ಟಿಗೂ ಅದನ್ನು ಕೈಯಲ್ಲಿ ಸರಿಸಿದಳು. ಒಂದು ನಿಮಿಷದ ಚಿತ್ರಕ್ಕೆ ಸಾವಿರದೈನೂರು ಚೌಕಟ್ಟು. ಒಲೆಯ ಕೆಂಡದ ಕಡೆ ಬಣ್ಣ ಬೆಚ್ಚಗಾಯಿತು. ಅಟ್ಟದ ಮೂಲೆ ಕತ್ತಲಾಗಿಯೇ ಉಳಿಯಿತು, ಕತ್ತಲಿಗೂ ಒಂದು ಜಾಗ ಬೇಕಲ್ಲ. ಹೊರಗಿನ ಶಾಟುಗಳದು ತದ್ವಿರುದ್ಧದ ಕಷ್ಟ: ಆಕಾಶ ಸುಟ್ಟು ಬಿಳಿಚಿಕೊಂಡಿತ್ತು. ರೇಷನ್ ಅಂಗಡಿಯವನು ಮಾತಾಡಿದ್ದು ಬೆಳಗ್ಗೆ, ನರಸಮ್ಮ ಉತ್ತರ ಕೊಟ್ಟದ್ದು ಸಂಜೆ. ಎರಡನ್ನೂ ಒಂದೇ ಹೊತ್ತಿಗೆ ತಂದು ನಿಲ್ಲಿಸಿದಳು. ಯಾವ ಶಾಟಿಗೆ ಎಷ್ಟು ಎಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಇನ್ನೂರ ಹದಿನಾಲ್ಕು ಶಾಟು.

ಒಂದು ದಿನ ಚಲಪತಿ ಬೇಗ ಬಂದು ಹಿಂದೆ ನಿಂತು ನೋಡಿದ.

“ಅಜ್ಜೀನ ಇನ್ನೂ ಸ್ವಲ್ಪ ಬೆಳ್ಳಗ್ ಮಾಡ್ಬೌದಿತ್ತು.”

“ಬೇಡ ಅಣ್ಣ. ಅವರು ಕಪ್ಪೇ ಇರೋದು. ಕಪ್ಪಾಗೇ ಕಾಣ್ಲಿ.”

“ಅದ್ಸರಿ. ನಾನ್ ತೆಗ್ದಿರೋದೂ ಹಂಗೇ ಅಲ್ವಾ,” ಎಂದ ಅವನು, ತಾನು ತೆಗೆದದ್ದೇ ಹಾಗೆ ಎಂದು ನಂಬಿಯೇ. ಮಾಲಿನಿಗೆ ನಗು ಬಂತು. ಆಗಿನ್ನೂ ನಗು ಬರುತ್ತಿತ್ತು.

ಕೊನೆಗೆ ಉಳಿದದ್ದು ಟೈಟಲ್ ಕಾರ್ಡು. ತಮಿಳಿನಲ್ಲೇ ಇರಬೇಕೆಂದು ಸ್ಪರ್ಧೆಯ ಕಟ್ಟಳೆ. ಅನಿರುದ್ಧನಿಗೆ ತಮಿಳು ಮಾತಾಡಲು ಬರುತ್ತಿತ್ತು, ಓದಲು ಒಂದಕ್ಷರ ಬರುತ್ತಿರಲಿಲ್ಲ. ಚಲಪತಿ ಮನೆಯಲ್ಲಿ ತೆಲುಗಾದರೂ ತಮಿಳು ಶಾಲೆಯಲ್ಲಿ ಓದಿದವನು. ತನ್ನ ಸಾಲನ್ನು ತಾನೇ ಟೈಪು ಮಾಡಿ ವಾಟ್ಸಾಪಿನಲ್ಲಿ ಕಳಿಸಿದ: ಒಳಿಪ್ಪದಿವು, ಅಂದರೆ ಛಾಯಾಗ್ರಹಣ, ಚಲಪತಿ. ಉಳಿದದ್ದು ಮಾಲಿನಿಯ ಪಾಲಿಗೆ ಬಂತು. ಅವಳದು ಕನ್ನಡ ಶಾಲೆ. ತಮಿಳು ಅಲ್ಲಿ ಒಂದು ಪಾಠವಾಗಿತ್ತು, ಪಾಸಾಗುವಷ್ಟು. ಬಸ್ಸಿನ ಬೋರ್ಡು, ಅಂಗಡಿಯ ಹೆಸರು ಓದುತ್ತಿದ್ದಳು, ಬರೆಯುವುದು ಮರೆತೇಹೋಗಿತ್ತು. ತನ್ನ ಕೆಲಸಕ್ಕೆ ‘ಒಳಿತ್ ತಿರುತ್ತಂ’ ಎಂದು ಹೆಸರಿಟ್ಟುಕೊಂಡಳು. ಒಳಿ ಎಂದರೆ ಬೆಳಕು, ತಿರುತ್ತಂ ಎಂದರೆ ತಿದ್ದುವುದು. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಅದೇ ತಮಿಳಾಗಿ ಪದ ಮುಂದಿಡುತ್ತದೆ. ಒತ್ತಿದಳು, ಮೊದಲು ಬಂದ ಪದವನ್ನು ಮುಟ್ಟಿದಳು, ಪಕ್ಕದಲ್ಲಿ ತನ್ನ ಹೆಸರು ಬರೆದು ಬಹಳ ಹೊತ್ತು ನೋಡಿದಳು. ನೋಡಿದ್ದು ಹೆಸರನ್ನು.

ಕಳಿಸುವ ಮುನ್ನ ಮೂವರೂ ಕೂತು ಇಡೀ ಚಿತ್ರ ನೋಡಿದರು. ಕಾರ್ಡುಗಳು ಒಂದೊಂದಾಗಿ ಬಂದು ಹೋದವು. ಚಲಪತಿ ಒಂದು ಕಡೆ ಬಾಯಿ ತೆರೆದ ಹಾಗೆ ಕಂಡಿತು. ಮತ್ತೆ ಮುಚ್ಚಿದ.

“ಏನಣ್ಣ?”

“ಏನಿಲ್ಲ. ಚೆನ್ನಾಗೈತೆ. ಕಳ್ಸಿ, ಕಳ್ಸಿ.”

ಕೃಷ್ಣಗಿರಿಯ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಬೆಳಗ್ಗೆ, ಹದಿನೇಳು ಚಿತ್ರ ತೋರಿಸಿ ಬಹುಮಾನ ಹಂಚಿದರು. ತೀರ್ಪು ಕೊಡಲು ಬಂದಿದ್ದ ಯತಿರಾಜ್ ಎಂಬ ಹಿರಿಯರು ಚೆನ್ನೈನ ಫಿಲ್ಮ್ ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಬೆಳಕಿನ ಬಹುಮಾನ ಕೊಡುವ ಮೊದಲು ಅವರು ತಮಿಳಿನಲ್ಲಿ ಐದು ನಿಮಿಷ ಮಾತಾಡಿದರು. ‘ವಿರಲ್’ ಚಿತ್ರದಲ್ಲಿ ಮುದುಕಿ ಕೆಂಡದ ಮುಂದೆ ಬೆರಳು ಹಿಡಿಯುತ್ತಾಳಲ್ಲ, ಅಲ್ಲಿ ಬೆಳಕು ಮುಖವನ್ನು ಮುಟ್ಟಿ ಅಟ್ಟದ ಮೂಲೆಯನ್ನು ಬಿಟ್ಟಿದೆ, ಬಿಡುವುದನ್ನು ಕಲಿಯಲು ನನಗೆ ಹತ್ತು ವರ್ಷ ಹಿಡಿಯಿತು ಎಂದರು. ಮಾಲಿನಿಯ ಕಿವಿ ಬಿಸಿಯಾಯಿತು. ಯಾರೋ ತನ್ನ ನೋಟ್‌ಬುಕ್ಕನ್ನು ತೆರೆದು ಮೈಕಿನಲ್ಲಿ ಓದುತ್ತಿರುವ ಹಾಗಿತ್ತು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಒಳಿಪ್ಪದಿವು, ಚಲಪತಿ,” ಎಂದರು ಯತಿರಾಜ್.

ಚಲಪತಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೆಟ್ಟಿಲು ಹತ್ತಿದ. ಶಾಲು, ಫಲಕ, ಚಪ್ಪಾಳೆ. ಅದು ಮುಗಿಯಲೆಂದು ಮಾಲಿನಿ ಕಾದಳು. ಇನ್ನೊಂದು ಸಾಲಿದೆಯಲ್ಲ; ಅದನ್ನು ಈಗ ಓದಬಹುದು. ಓದಿದರು ಕೂಡ. ಯತಿರಾಜ್ ಕನ್ನಡಕ ಮೇಲೆ ಸರಿಸಿ, ಕೈಯಲ್ಲಿದ್ದ ಹಾಳೆ ನೋಡಿ ನಕ್ಕರು.

“ಇಷ್ಟು ಚೆಂದದ ಪಟಕ್ಕೆ ಒಂದು ದೃಷ್ಟಿಬೊಟ್ಟು. ಪೂರ್ತಿ ಮೋಟರ್ ಸದ್ದು. ಇದಕ್ಕೂ ಒಬ್ಬರ ಹೆಸರಿದೆ: ಒಲಿತ್ ತಿರುತ್ತಂ, ಮಾಲಿನಿ. ಅಮ್ಮಾ ಮಾಲಿನಿ, ಮೊದಲ್ಲ ಒಲಿಯೈ ತಿರುತ್ತುಂಗ.”

ಮಂಟಪವಿಡೀ ನಕ್ಕಿತು. ಊಟಕ್ಕೆ ಮುಂಚಿನ ಹಗುರ ನಗು. ಒಲಿ ಎಂದರೆ ಸದ್ದು; ಮೊದಲು ಸದ್ದನ್ನು ತಿದ್ದಮ್ಮ ಎಂದಿದ್ದರು. ತಮಿಳಿನಲ್ಲಿ ಬೆಳಕಿಗೂ ಸದ್ದಿಗೂ ನಡುವೆ ಇರುವುದು ಒಂದು ಳಕಾರ, ಒಂದು ಲಕಾರ. ಇಂಗ್ಲಿಷಿನಲ್ಲಿ ಒತ್ತಿದರೆ ಎರಡಕ್ಕೂ ಒಂದೇ ಅಕ್ಷರ. ಫೋನು ಮೊದಲು ಮುಂದಿಟ್ಟದ್ದು ಲಕಾರವನ್ನು. ಮಾಲಿನಿ ಮುಟ್ಟಿದ್ದು ಅದನ್ನೇ. ಅವಳ ಪಕ್ಕ ಕೂತಿದ್ದ ಯಾರೋ ಹೆಂಗಸು, “ಪಾಪ, ಯಾರೋ ಆ ಹುಡ್ಗಿ,” ಎಂದು ಅವಳಿಗೇ ಹೇಳಿದಳು.

ಮೇಲೆ ಮೈಕು ಹಿಡಿದ ಚಲಪತಿ, ಬೆಳಕು ಅನ್ನೋದು ಕ್ಯಾಮೆರಾದಲ್ಲಿಲ್ಲ, ಮನಸ್ಸಲ್ಲಿರಬೇಕು ಎಂದು ತಮಿಳಿನಲ್ಲಿ ಹೇಳಿ ಇನ್ನೊಂದು ಚಪ್ಪಾಳೆ ಗಿಟ್ಟಿಸಿದ.

ಬಸ್ ನಿಲ್ದಾಣದ ಟೀ ಅಂಗಡಿಯ ಮುಂದೆ ಮಾಲಿನಿ ಬಾಯಿಬಿಟ್ಟಳು. ಅಷ್ಟು ದೂರ ನಡೆದು ಬರುವಾಗ ಮಾತನ್ನು ಹತ್ತು ಸಲ ಜೋಡಿಸಿಕೊಂಡಿದ್ದಳು, ಬಂದದ್ದು ಅರ್ಧ.

“ಅಣ್ಣ, ಆ ಕಾರ್ಡು... ಅವತ್ತು ನೀವು ನೋಡಿದ್ರಿ.”

“ನೋಡಿದ್ನಮ್ಮ.”

“ಒಲಿ ಅಂತಿತ್ತು.”

“ಊಂ, ಒಲಿ ಅಂತಿತ್ತು. ನೀನೇ ಹಾಕ್ಕಂಡಿದ್ಯಲ್ಲ. ಸೌಂಡೂ ನಿಂದೇ ಅಂದ್ಕಂಡೆ.”

“ಸೌಂಡು ಯಾರೂ ಮಾಡ್ಲಿಲ್ಲ ಅಂತ ನಿಮಗ್ ಗೊತ್ತಿತ್ತಲ್ಲ ಅಣ್ಣ.”

ಚಲಪತಿ ಟೀ ಊದಿದ. ಫಲಕವನ್ನು ಕಂಕುಳಲ್ಲಿ ಇರುಕಿಕೊಂಡಿದ್ದ. “ಡೈರೆಟ್ರು ಇವ್ನು. ಇವನ್ಗ್ ಗೊತ್ತಿರ್ಬೇಕಿತ್ತು.”

“ನಂಗೆ ಬಸ್ ಬೋರ್ಡೇ ಓದಕ್ ಬರಲ್ಲ, ನನ್ನ ಯಾಕ್ ಎಳೀತೀಯಣ್ಣ,” ಎಂದ ಅನಿರುದ್ಧ. ಅವನ ಕೈಯಲ್ಲೂ ಒಂದು ಚಿಕ್ಕ ಫಲಕವಿತ್ತು.

“ಕಾರ್ಡ್ ಸರಿ ಮಾಡಿ ಇನ್ನೊಂದ್ ಕಾಪಿ ಕಳ್ಸೋಣ,” ಎಂದಳು ಮಾಲಿನಿ. “ಒಂದೇ ಅಕ್ಷರ.”

ಚಲಪತಿ ಲೋಟ ಕೆಳಗಿಟ್ಟ. ದನಿಯಲ್ಲಿ ಸಿಟ್ಟಿರಲಿಲ್ಲ; ಚಿಕ್ಕವರಿಗೆ ಬುದ್ಧಿ ಹೇಳುವ ನಯವಿತ್ತು. “ನೋಡಮ್ಮ, ತಿರುತ್ತಂ ಅಂದ್ರೇನು? ತಿದ್ದೋದು. ಬೆಳಕು ತಿದ್ದಿದ್ದು ಮಾಲಿನಿ ಅಂತ ಇವತ್ತು ಹಾಕಿದ್ರೆ, ತಪ್ಪು ಮಾಡಿದ್ದು ಯಾರು ಅಂತ ಕೇಳಲ್ವಾ? ಶಾಲು ಹೊದ್ಸಿದ್ ದಿನವೇ ಕೇಳ್ಬೇಕಾ?”

ಅದೇ ಸತ್ಯವಾಗಿತ್ತು. ಹರಿದ ರೇಷ್ಮೆ ಸೀರೆಗೆ ಎಳೆ ಸೇರಿಸಿ ನೇಯುವವಳು ಹೊಲಿಗೆ ಕಾಣದ ಹಾಗೆ ಕೂಡಿಸಿದರೆ, ಸೀರೆ ಹರಿದೇ ಇರಲಿಲ್ಲ ಎಂದು ಉಟ್ಟವಳು ಆಣೆ ಇಡಬಹುದು. ಕೈ ಕೆಸರಾದದ್ದು ಒಬ್ಬರದು, ಬಾಯಿ ಮೊಸರಾದದ್ದು ಇನ್ನೊಬ್ಬರದು.

“ಕೊಯಮತ್ತೂರಿಗೂ ಇದೇ ಕಾಪಿ ಕಳ್ಸಿದೀನಿ ಮಾಲಿನಿ,” ಎಂದ ಅನಿರುದ್ಧ, ಅವಳ ಮುಖ ನೋಡದೆ. “ಎರಡೆರಡು ಕಾಪಿ ಓಡಾಡಿದ್ರೆ ಏನೋ ಜಗಳ ಅಂದ್ಕೋತಾರೆ. ಮುಂದಿನ ಪಟದಲ್ಲಿ ದಪ್ಪಕ್ಷರದಲ್ಲಿ ಹಾಕ್ಸೋಣ ಬಿಡು.”

ಮಾರನೆಯ ಬೆಳಗ್ಗೆ ಮಾಲಿನಿ ತನ್ನ ಪಾಡಿಗೆ ತಾನು ಕಾರ್ಡು ಸರಿಮಾಡಿದಳು. ಲಕಾರ ತೆಗೆದು ಳಕಾರ. ಚಲಪತಿ ತೆಗೆದ ಮಸಿ ಶಾಟು ಎಡಕ್ಕೆ, ತಾನು ತಿದ್ದಿದ ಶಾಟು ಬಲಕ್ಕೆ ಇಟ್ಟು ಎರಡು ನಿಮಿಷದ ತುಣುಕು ಮಾಡಿದಳು. ಎರಡನ್ನೂ ಅರುಣ್‌ಕುಮಾರ್ ಅವರಿಗೆ ಕಳಿಸಿದಳು.

ನಾಲ್ಕನೆಯ ದಿನ ಅವರೇ ಫೋನು ಮಾಡಿದರು. ಒಳ್ಳೆಯ ಮನುಷ್ಯ, ದನಿ ಎತ್ತಲಿಲ್ಲ.

“ಸ್ಪರ್ಧೆಯವ್ರು ಆನ್‌ಲೈನಲ್ಲಿ ಹಾಕಿರೋ ಕಾಪೀನೂ ನೋಡಿದೆ ಕಣ್ರೀ. ಅದ್ರಲ್ಲಿ ನಿಮ್ದು ಸೌಂಡ್ ಅಂತಿದೆ. ಬೆಳಕಿನ ಪ್ರೈಜು ಬೇರೆಯವರಿಗೆ ಬಂದಿದೆ. ನೀವು ಕಳ್ಸಿರೋದ್ರಲ್ಲಿ ಆ ಕಾರ್ಡ್ ಒಂದೇ ಬೇರೆ.”

“ಅದು... ಟೈಪ್ ಮಾಡುವಾಗ ತಪ್ಪಾಯ್ತು ಸಾರ್. ಳಕಾರದ ಬದಲು ಲಕಾರ...”

“ಇರ್ಬೋದು. ಆದ್ರೆ ಆ ಎಡ-ಬಲ ತುಣುಕು ಇದ್ಯಲ್ಲ, ಚೆನ್ನಾಗಿರೋ ಶಾಟನ್ನ ಕತ್ತಲು ಮಾಡಿ ಇದು ಮೊದಲಿಂದು ಅಂತ ಯಾರ್ ಬೇಕಾದ್ರೂ ತೋರಿಸ್ಬೋದು. ನೀವ್ ಹಾಗ್ ಮಾಡಿದೀರಿ ಅಂತ ನಾನ್ ಹೇಳ್ತಿಲ್ಲ. ಅಷ್ಟು ಕತ್ತಲಿಂದ ಇಷ್ಟು ಬರೋದು ಕಷ್ಟ, ಅದಕ್ಕೆ ಹೇಳ್ದೆ.” ಆಮೇಲೆ, “ಡೈರೆಕ್ಟರ್ ಕೈಲಿ ಎರಡು ಸಾಲು ಬರೆಸಿ ಕಳ್ಸಿ, ಮುಂದಿನ ವಾರ ಶುಕ್ರವಾರದೊಳಗೆ. ಸೀಟು ಅಲ್ಲೀವರೆಗೂ ಇರುತ್ತೆ,” ಎಂದರು.

ಇದು ಆಗದ ಮಾತು ಎಂದು ತಿಳಿದವರೇ ಅನ್ನುವಷ್ಟು ಚೆನ್ನಾಗಿ ತಿದ್ದಿದ್ದಳು. 

ಎರಡು ಸಾಲು. ಅನಿರುದ್ಧನಿಗೆ ಸೋಮವಾರ ಹೇಳಿದಳು, “ಬರೀತೀನಿ” ಎಂದ. ಮಂಗಳವಾರ ಡಬಲ್ ಡ್ಯೂಟಿ. ಬುಧವಾರ ಮೆಸೇಜು ನೋಡಿದ, ಉತ್ತರವಿಲ್ಲ. ಗುರುವಾರ ಅವಳೇ ಮಧ್ಯಾಹ್ನದ ಊಟದ ಹೊತ್ತಿಗೆ ಅವನ ಕಾರ್ಖಾನೆಯ ಗೇಟಿನ ಹತ್ತಿರ ಹೋಗಿ ನಿಂತಳು. ಅಷ್ಟು ಗಂಡಸರು ಹೊರಗೆ ಬರುವ ಗೇಟಿನ ಮುಂದೆ ನಿಲ್ಲುವುದೇ ಅವಳಿಗೆ ಒಂದು ಶಿಕ್ಷೆಯ ಹಾಗಿತ್ತು.

“ನಾನ್ ಬರೆದ್ರೆ ಚಲಪತಣ್ಣನ ಮರ್ಯಾದೆ ತೆಗ್ದಂಗ್ ಆಗುತ್ತೆ,” ಎಂದ ಅನಿರುದ್ಧ, ಕುತ್ತಿಗೆಯ ಗುರುತಿನ ಚೀಟಿಯನ್ನು ತಿರುಗಿಸುತ್ತಾ. “ಮುಂದಿನ ಪಟ ಹನ್ನೆರಡನೇ ತಾರೀಕು ಶುರು. ಕ್ಯಾಮೆರಾನೂ ಅವನದೇ, ತೆಗೆಯೋನೂ ಅವನೇ. ಇವಾಗ ಮುನಿಸ್ಕೊಂಡ್ರೆ ನಾನ್ ಎಲ್ಲಿಗ್ ಹೋಗ್ಲಿ? ನೀನಾದ್ರೆ ಅರ್ಥ ಮಾಡ್ಕೋತೀಯ.”

“ನಾನಾದ್ರೆ,” ಎಂದಳು ಮಾಲಿನಿ.

“ಹೂಂ. ನೀನ್ ಹಂಗೆಲ್ಲ ತಪ್ಪು ತಿಳ್ಕೊಳ್ಳೋಳಲ್ವಲ್ಲ.”

ಶುಕ್ರವಾರ ಬಂದು ಹೋಯಿತು. ಆ ಸೀಟಿಗೆ ಮೈಸೂರಿನ ಒಬ್ಬ ಹುಡುಗ ಬಂದನೆಂದು ಅರುಣ್‌ಕುಮಾರ್ ಸೌಜನ್ಯಕ್ಕೆ ಮೇಲ್ ಬರೆದರು. ಗೋಪಾಲಪ್ಪ ಕೇಳಿದ್ದಕ್ಕೆ ಮಾಲಿನಿ, “ಹೆಸರು ಬಂತಪ್ಪ. ಬೇರೆ ಕೆಲಸಕ್ಕೆ ಬಂತು,” ಎಂದಳು. ಅವನಿಗೆ ಅರ್ಥವಾಗಲಿಲ್ಲ. “ಬಂತಲ್ಲ, ಬುಡು,” ಎಂದ.

ಹನ್ನೆರಡನೇ ತಾರೀಕು ದಾಟಿ ಒಂದು ವಾರಕ್ಕೆ, ಸಂಜೆ ನಾಲ್ಕರ ಹೊತ್ತಿಗೆ, ಅನಿರುದ್ಧನೂ ಚಲಪತಿಯೂ ಮಹಡಿ ಹತ್ತಿ ಬಂದರು. ಚಲಪತಿಯ ಕೈಯಲ್ಲಿ ಮೆಮೊರಿ ಕಾರ್ಡಿತ್ತು, ಗಡ್ಡ ಬಿಟ್ಟಿದ್ದ.

“ಈ ಸಲ ಟೈಟಲ್ ಕಾರ್ಡು ನಾನೇ ಟೈಪ್ ಮಾಡ್ತೀನಮ್ಮ. ದೊಡ್ಡ ಳ ಹಾಕಿ,” ಎಂದು ನಕ್ಕ. “ಮತ್ತೆ ಕತ್ಲು ಅಂತ ಗಾಬ್ರಿ ಆಗ್ಬೇಡ. ಬೇಕಂತ್ಲೇ ಹಂಗ್ ತೆಗ್ದಿದೀನಿ. ನನ್ ಸ್ಟೈಲೇ ಅದು ಅಂದ್ಬುಟ್ಟವ್ರೆ ಯತಿರಾಜ್ ಸಾರು.”

“ನರಸಮ್ಮಜ್ಜಿ ಈ ಸಲ ಎಂಥಾ ಸೀನ್ ಕೊಟ್ಟವ್ಳೆ ಗೊತ್ತಾ,” ಎಂದ ಅನಿರುದ್ಧ, ಕುರ್ಚಿ ಎಳೆದುಕೊಂಡು. “ಸತ್ತ ಮಗಳಿಗೆ ಸೀರೆ ಇಟ್ಟು ಪೂಜೆ ಮಾಡೋ ಸೀನು. ಆಕ್ಟಿಂಗ್ ಅಂದ್ಕೊಂಡ್ರೆ, ಅವಳ ಸ್ವಂತ ಮಗಳು ನೆನಪಾಗಿ ಅತ್ಬುಟ್ಳು. ನಿಜ್ವಾದ ಅಳು. ಇನ್ನೊಂದ್ ಟೇಕ್ ಕೇಳಿದ್ಕೆ, ‘ಅದು ಒಂದ್ಸಲ ಬರೋದು ಸಾಮಿ, ಕೇಳ್ಬೇಡಿ’ ಅಂದ್ಳು. ಪಟ ನಿಂತಿರೋದೇ ಆ ಸೀನಿನ್ ಮೇಲೆ.”

ಕಂಪ್ಯೂಟರಿಗೆ ತುಂಬಿಕೊಳ್ಳಲು ಹದಿನೈದು ನಿಮಿಷವಾಗುತ್ತದೆ ಎಂದಳು. ಇಬ್ಬರೂ ಟೀ ಕುಡಿಯಲು ಕೆಳಗಿಳಿದರು.

ಮೊದಲನೆಯ ಸಲಕ್ಕಿಂತ ಕತ್ತಲಾಗಿತ್ತು. ಬೆಟ್ಟವೇ ಇರಲಿಲ್ಲ, ಎಡಗಡೆಯ ಗೋಡೆಯ ಬುಡದಲ್ಲಿ ಇರುವೆ ಸಾಲಿನಷ್ಟು ದಪ್ಪದ ಒಂದು ಗೆರೆ. ಬೇರೆ ಯಾರಾದರೂ ಆಗಿದ್ದರೆ ಏನೂ ಇಲ್ಲ ಎಂದು ಎದ್ದುಹೋಗುತ್ತಿದ್ದರು. ಮಾಲಿನಿ ಗೆರೆಯನ್ನು ಮೆಲ್ಲನೆ ಎತ್ತಿದಳು. ಕಾಳು ಬಂತು, ಕಾಳನ್ನು ಒರೆಸಿದಳು. ಹಣೆ ಬಂತು. ಮೂಗಿನ ಒಂದು ಬದಿ ಬಂತು. ಆಮೇಲೆ ಬಾಯಿ. ನರಸಮ್ಮ ಸೀರೆಯ ಮಡಿಕೆಯ ಮೇಲೆ ಗೆರೆಯಿಲ್ಲದ ಬೆರಳಿಟ್ಟುಕೊಂಡು ಅಳುತ್ತಿದ್ದಳು. ಸದ್ದು ಮಾಡದೆ, ತುಟಿಯನ್ನು ಒಳಕ್ಕೆ ಎಳೆದುಕೊಂಡು, ಯಾರೋ ಪಕ್ಕದ ಕೋಣೆಯಲ್ಲಿ ಮಲಗಿದ್ದಾರೆ ಎಂಬಂತೆ. ಗಲ್ಲದ ಮೇಲಿನ ನೀರಿಗೆ ದೀಪದ ಒಂದು ಎಳೆ ತಾಗಿತ್ತು. ಎರಡು ವಾರ ಬೆಳಗ್ಗೆ ಬಂದು ಕೂತರೆ ಇದು ಬರುತ್ತದೆ. ಬಂದರೆ ‘ವಿರಲ್’ ಇದರ ಮುಂದೆ ಮಕ್ಕಳಾಟ. ಯತಿರಾಜ್ ಮತ್ತೊಮ್ಮೆ ಕನ್ನಡಕ ಸರಿಸುತ್ತಾರೆ. ಚಲಪತಿ ಮತ್ತೊಮ್ಮೆ ಮೆಟ್ಟಿಲು ಹತ್ತುತ್ತಾನೆ. ಅವಳ ಹೆಸರು ಈ ಸಲ ಸರಿಯಾದ ಅಕ್ಷರದಲ್ಲಿ, ಯಾರೂ ಓದದ ವೇಗದಲ್ಲಿ, ಬಂದು ಹೋಗುತ್ತದೆ.

ಮೆಟ್ಟಿಲಿನಲ್ಲಿ ಚಪ್ಪಲಿಯ ಸದ್ದಾಯಿತು. ಮಾಲಿನಿ ಗೆರೆಯನ್ನು ಕೆಳಕ್ಕೆ ಎಳೆದಳು. ಮುದುಕಿ ಮಸಿಯೊಳಗೆ ಹೋದಳು.

“ಹೆಂಗೈತಮ್ಮ?”

“ಏನೂ ಇಲ್ಲ ಅಣ್ಣ.”

“ಏನೂ ಇಲ್ಲ ಅಂದ್ರೆ?”

“ಬೆಳಕೇ ಬಿದ್ದಿಲ್ಲ. ಎತ್ತೋಕೆ ಏನಾದ್ರೂ ಇರ್ಬೇಕಲ್ಲ.” ಪರದೆಯ ಕೆಳಗಿನ ಗ್ರಾಫನ್ನು ತೋರಿಸಿದಳು. “ನೋಡಿ, ಬೆಟ್ಟಾನೇ ಇಲ್ಲ.”

ಚಲಪತಿ ಬಗ್ಗಿ ನೋಡಿದ. ಆ ಗ್ರಾಫನ್ನು ಓದಲು ಅವನಿಗೆ ಬರುತ್ತಿರಲಿಲ್ಲ. ಬರುವುದು ಇವಳೊಬ್ಬಳಿಗೇ ಎಂದು ಇಬ್ಬರಿಗೂ ಗೊತ್ತಿತ್ತು. ಅವನ ಮುಖದ ನೆತ್ತರು ಇಳಿಯಿತು.

“ಹೋದ್ಸಲ ಬಂತಲ್ಲ?” ಎಂದ ಅನಿರುದ್ಧ.

“ಹೋದ್ಸಲ ಅಣ್ಣ ಚೆನ್ನಾಗಿ ತೆಗ್ದಿದ್ರು.”

ಅನಿರುದ್ಧ ಎರಡು ಕೈಯಲ್ಲಿ ತಲೆ ಹಿಡಿದುಕೊಂಡ. “ಅಜ್ಜಿಗೆ ಏನಂತ ಹೇಳ್ಲಿ? ‘ನಾನ್ ಅತ್ತಿದ್ದು ಬಂತಾ ಸಾಮಿ’ ಅಂತ ನಿನ್ನೆನೂ ಫೋನ್ ಮಾಡಿದ್ಳು.”

“ಬಂದಿಲ್ಲ ಅಂತ ಹೇಳು,” ಎಂದಳು ಮಾಲಿನಿ. ತನ್ನ ದನಿ ಇಷ್ಟು ಸ್ಪಷ್ಟವಾಗಿ ತನಗೇ ಕೇಳಿದ್ದು ಅಪರೂಪ.

ಚಲಪತಿ ಗಡ್ಡ ಕೆರೆದುಕೊಂಡು ಒಂದೆರಡು ಸಲ ಉಸಿರು ಬಿಟ್ಟ. ಆಮೇಲೆ, “ಹಂಗಾದ್ರೆ ಕಾರ್ಡ್ ಖಾಲಿ ಮಾಡ್ಕೊಟ್ಬುಡಮ್ಮ. ನಾಳೆ ರಾಯಕೋಟೆಲಿ ಮದ್ವೆ ಐತೆ,” ಎಂದ.

ಮಾಲಿನಿ ಕಾರ್ಡನ್ನು ಖಾಲಿ ಮಾಡಿದಳು. ಕಂಪ್ಯೂಟರಿಗೆ ತುಂಬಿಕೊಂಡದ್ದನ್ನೂ ಆರಿಸಿ ಅಳಿಸಿದಳು. ಖಂಡಿತವೇ ಎಂದು ಅದು ಕೇಳಿತು, ಹೌದು ಎಂದು ಒತ್ತಿದಳು. ಚಲಪತಿ ಕಾರ್ಡನ್ನು ಅಂಗಿಯ ಜೇಬಿಗೆ ಇಳಿಸಿಕೊಂಡು, “ಥ್ಯಾಂಕ್ಸ್ ಕಣಮ್ಮ,” ಎಂದ. ಮೂರು ವರ್ಷದಲ್ಲಿ ಅವನು ಹಾಗೆಂದದ್ದು ಅದೇ ಮೊದಲು.